ಎಕ್ಸ್‌ಮಸ್: ಉಳಿಸಿದ್ದು ಎಷ್ಟು ಅಕ್ಷರ?

ವೀಕ್ಷಕರೇ, ಇವತ್ತಿನ ವಿಷಯ ಒಂದು ಅಕ್ಷರದ್ದು. ಒಂದೇ ಒಂದು ಅಕ್ಷರ. ಅದಕ್ಕೂ ಇಷ್ಟು ಹೊತ್ತು ಮಾತಾಡಬೇಕಾ ಅಂತ ನಿಮಗೆ ಅನ್ನಿಸಬಹುದು. ಮೊದಲು ನನಗೂ ಹಾಗೇ ಅನ್ನಿಸಿತ್ತು.

ಡಿಸೆಂಬರ್ ಮೂರನೇ ವಾರ. ಸಂಜೆಯ ಬುಲೆಟಿನ್ ಮುಗಿಸಿ ಎದ್ದಿದ್ದೆ. ನಮ್ಮ ಡೆಸ್ಕ್‌ಗೆ ಬಡವನಹಳ್ಳಿಯಿಂದ ಒಂದು ಫೋನ್ ಬಂತು. ಗೊತ್ತಿಲ್ಲದವರಿಗೆ ಹೇಳ್ತೀನಿ, ಇದು ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕಿನ ಊರು, ಶಿರಾದಿಂದ ಮಧುಗಿರಿಗೆ ಹೋಗೋ ದಾರಿಯಲ್ಲಿ ಸಿಗುತ್ತೆ. ಫೋನ್ ಮಾಡಿದವರು ಒಬ್ಬ ನಿವೃತ್ತ ಟೀಚರ್. ವರ್ಷಗಟ್ಟಲೆ ಆ ಕಡೆಯ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವರು. ಧರ್ಮದಿಂದ ಕ್ರೈಸ್ತರು. ದನಿಯಲ್ಲಿ ಸಿಟ್ಟಿರಲಿಲ್ಲ. ತಪ್ಪು ಮಾಡಿದ ಹುಡುಗನನ್ನ ಬೋರ್ಡ್ ಹತ್ತಿರ ಕರೆಯೋವಾಗ ಇರುತ್ತಲ್ಲ, ಆ ದನಿ ಇತ್ತು.

"ನಿಮ್ಮ ಚಾನೆಲ್‌ನಲ್ಲಿ ಕೆಳಗಡೆ ಓಡ್ತಾ ಇರುತ್ತಲ್ಲಪ್ಪ ಅಕ್ಷರ, ಅದರಲ್ಲಿ 'ಎಕ್ಸ್‌ಮಸ್‌ಗೆ ವಿಶೇಷ ರೈಲು' ಅಂತ ಹಾಕಿದ್ದೀರಿ. ನಾನು ಮಕ್ಕಳಿಗೆ ಎಕ್ಸ್ ಅಂದ್ರೆ ಗೊತ್ತಿಲ್ಲದ ಸಂಖ್ಯೆ ಅಂತ ಹೇಳಿಕೊಟ್ಟವಳು. ಉತ್ತರ ತಪ್ಪಾದ್ರೆ ಕೆಂಪು ಇಂಕಲ್ಲಿ ಹಾಕ್ತಿದ್ದದ್ದೂ ಅದೇ ಎಕ್ಸು. ನಮ್ಮ ಸ್ವಾಮಿ ಹೆಸರು ಇರೋ ಜಾಗದಲ್ಲಿ ಎಕ್ಸ್ ಹಾಕಿದ್ದೀರಲ್ಲ, ಅವರು ನಿಮಗೆ ಗೊತ್ತಿಲ್ಲದವರಾ, ತಪ್ಪಾದವರಾ?"

ಒಂದು ಕ್ಷಣ ನನಗೆ ಮಾತು ಹೊರಡಲಿಲ್ಲ. ಆಮೇಲೆ ನನ್ನೊಳಗಿನ ಎಂಜಿನಿಯರ್ ಎದ್ದು ಕೂತ. ಉತ್ತರ ನನಗೆ ಗೊತ್ತಿತ್ತು! "ಮೇಡಂ, ಅದು ಇಂಗ್ಲಿಷ್ ಎಕ್ಸ್ ಅಲ್ಲ, ಗ್ರೀಕ್ ಅಕ್ಷರ" ಅಂತ ಶುರು ಮಾಡಿದೆ. ಐದು ನಿಮಿಷ ಪಾಠ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಕೊನೆಗೆ, "ಸರಿಯಪ್ಪ, ಗ್ರೀಕ್ ನನಗೆ ಬರಲ್ಲ. ನಿಮ್ಮ ಟಿವಿ ನೋಡೋರಲ್ಲಿ ಎಷ್ಟು ಜನಕ್ಕೆ ಬರುತ್ತೆ?" ಅಂದು ಫೋನ್ ಇಟ್ಟರು.

ವಾದದಲ್ಲಿ ಗೆದ್ದೆ ಅಂದುಕೊಂಡಿದ್ದೆ. ರಾತ್ರಿ ಮನೆಗೆ ಹೋಗುವಾಗ ಮಾತ್ರ ಆ ಕೊನೆಯ ಪ್ರಶ್ನೆ ಬಿಡಲೇ ಇಲ್ಲ. ಹಾಗಾಗಿ ಈ ಕಥೆಯನ್ನ ಮೊದಲಿನಿಂದ ಬಿಚ್ಚಿ ನೋಡೋಣ. ನನ್ನ ಉತ್ತರ ಎಷ್ಟು ಸರಿ, ಅವರ ಪ್ರಶ್ನೆ ಎಷ್ಟು ಸರಿ?

ಮೊದಲು ನನ್ನ ಉತ್ತರ. ಗ್ರೀಕ್ ವರ್ಣಮಾಲೆಯಲ್ಲಿ 'ಕೈ' ಅಂತ ಒಂದು ಅಕ್ಷರ ಇದೆ. ಎಂಜಿನಿಯರಿಂಗ್‌ನಲ್ಲೋ ಬಿಎಸ್ಸಿಯಲ್ಲೋ ಸಂಖ್ಯಾಶಾಸ್ತ್ರ ಓದಿದವರಿಗೆ 'ಕೈ-ಸ್ಕ್ವೇರ್ ಟೆಸ್ಟ್' ನೆನಪಿರಬೇಕು, ಅದೇ ಕೈ. ನೋಡೋಕೆ ಥೇಟ್ ಇಂಗ್ಲಿಷಿನ ಎಕ್ಸ್. ಆದ್ರೆ ಉಚ್ಚಾರಣೆ ನಮ್ಮ 'ಖ'ಕ್ಕೆ ಹತ್ತಿರ. ಗ್ರೀಕ್‌ನಲ್ಲಿ 'ಖ್ರಿಸ್ತೋಸ್' ಅಂದ್ರೆ ಅಭಿಷಿಕ್ತ, ಅಂದ್ರೆ ಅಭಿಷೇಕ ಮಾಡಿಸಿಕೊಂಡವನು. ಆ ಪದದ ಮೊದಲ ಅಕ್ಷರವೇ ಈ ಕೈ. ಇಂಗ್ಲಿಷಿನವರು 'ಎಕ್ಸ್‌ಮಸ್' ಅಂತ ಬರೆದಾಗ ಅಲ್ಲಿರೋದು ಕ್ರಿಸ್ತನ ಹೆಸರಿನ ಮೊದಲ ಅಕ್ಷರ. 'ಮಸ್' ಅನ್ನೋದು ಮಾಸ್, ಅಂದ್ರೆ ಚರ್ಚಿನ ಬಲಿಪೂಜೆ. ಕ್ರಿಸ್ತನ ಹೆಸರಿನ ಪೂಜೆಯ ದಿನ, ಅಷ್ಟೇ.

ಈ ರೂಢಿ ಎಷ್ಟು ಹಳೆಯದು? ಇಲ್ಲಿ ಕನ್ನಡಿಗರಿಗೆ ಖುಷಿಯಾಗೋ ಒಂದು ಸಂಗತಿ ಇದೆ. ಈಜಿಪ್ಟ್‌ನಲ್ಲಿ ಆಕ್ಸಿರಿಂಕಸ್ ಅಂತ ಒಂದು ಹಾಳೂರು. 1896-97ರ ಸುಮಾರಿಗೆ ಗ್ರೆನ್‌ಫೆಲ್ ಮತ್ತು ಹಂಟ್ ಅನ್ನೋ ಇಬ್ಬರು ಇಂಗ್ಲಿಷ್ ವಿದ್ವಾಂಸರು ಆ ಊರಿನ ತಿಪ್ಪೆಗಳನ್ನ ಅಗೆದರು. ಹೌದು, ತಿಪ್ಪೆ. ಸಾವಿರಾರು ವರ್ಷಗಳ ಕಸದ ರಾಶಿ. ಒಣ ಮರಳಿನಲ್ಲಿ ಪಪೈರಸ್ ಹಾಳೆಗಳು ಕೊಳೆಯದೆ ಉಳಿದಿದ್ದವು. ಅಲ್ಲಿ ಸಿಕ್ಕ ಒಂದು ಗ್ರೀಕ್ ಪ್ರಹಸನ 1903ರಲ್ಲಿ ಅಚ್ಚಾಯಿತು. ಅದರಲ್ಲಿ ಭಾರತದ ಕಡಲತೀರದವರು ಆಡೋ ಮಾತುಗಳು ಕನ್ನಡ ಅಂತ 1904ರಲ್ಲಿ ಹುಲ್ಟ್ಸ್ ಹೇಳಿದರು, ಆಮೇಲೆ ನಮ್ಮ ಆರ್. ಶಾಮಶಾಸ್ತ್ರಿಗಳು ಆ ವಾದವನ್ನ ಬೆಳೆಸಿದರು. ಎಲ್ಲ ವಿದ್ವಾಂಸರೂ ಒಪ್ಪಿಲ್ಲ, ಆ ಜಗಳ ಇನ್ನೂ ಇದೆ. ಆದ್ರೂ ಆಕ್ಸಿರಿಂಕಸ್ ಹೆಸರು ಕನ್ನಡದ ಚರಿತ್ರೆ ಓದಿದವರಿಗೆ ಹೊಸದಲ್ಲ.

ಅದೇ ಆಕ್ಸಿರಿಂಕಸ್‌ನಲ್ಲಿ ಇನ್ನೊಂದು ತುಂಡು ಹಾಳೆ ಸಿಕ್ಕಿತು. ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯ. ಮೂರನೇ ಶತಮಾನದ್ದು ಅಂತ ವಿದ್ವಾಂಸರ ಲೆಕ್ಕ. ಈಗ ಅಮೆರಿಕದ ಫಿಲಡೆಲ್ಫಿಯಾದಲ್ಲಿದೆ. ಮತ್ತಾಯನ ಮೊದಲ ಅಧ್ಯಾಯದಲ್ಲಿ ಏನಿದೆ? ಯೇಸುವಿನ ವಂಶಾವಳಿ, ಆಮೇಲೆ ಹುಟ್ಟಿನ ಕಥೆ. ಅಂದ್ರೆ ಕ್ರಿಸ್‌ಮಸ್ ದಿನ ಚರ್ಚುಗಳಲ್ಲಿ ನೆನೆಯೋ ಕಥೆಯೇ. ಆ ಹಾಳೆಯಲ್ಲಿ ಯೇಸು, ಕ್ರಿಸ್ತ ಅನ್ನೋ ಹೆಸರುಗಳನ್ನ ಪೂರ್ತಿ ಬರೆದಿಲ್ಲ! ಮೊದಲ ಅಕ್ಷರ, ಕೊನೆಯ ಅಕ್ಷರ ಬರೆದು, ಮೇಲೊಂದು ಗೆರೆ ಎಳೆದಿದ್ದಾರೆ. ಹಳೆಯ ಗ್ರೀಕ್ ಕ್ರೈಸ್ತ ಹಸ್ತಪ್ರತಿಗಳಲ್ಲೆಲ್ಲ ಇದೇ ಪದ್ಧತಿ. ದೇವರು, ಕರ್ತ, ಯೇಸು, ಕ್ರಿಸ್ತ, ಇಂಥ ಪವಿತ್ರ ಪದಗಳಿಗೆ ಮಾತ್ರ ಈ ಉಪಚಾರ. ಜಾಗ ಉಳಿಸೋಕೆ ಹೀಗೆ ಮಾಡಿದ್ದಲ್ಲ, ಏಕೆಂದರೆ ಪಕ್ಕದಲ್ಲಿ ಬೇಕಾದಷ್ಟು ಜಾಗ ಖಾಲಿ ಬಿಟ್ಟಿರೋ ಹಾಳೆಗಳೂ ಇವೆ. ಓದುವವನ ಕಣ್ಣು ಆ ಹೆಸರಿನ ಮೇಲೆ ನಿಲ್ಲಬೇಕು, ಇದು ಸಾಮಾನ್ಯ ಪದ ಅಲ್ಲ ಅಂತ ಗೊತ್ತಾಗಬೇಕು. ಗೌರವಕ್ಕಾಗಿ ಮಾಡಿದ ಗುರುತು ಅದು.

ಮುಂದೆ ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ ಬಂದ. 312ರಲ್ಲಿ ಮಿಲ್ವಿಯನ್ ಸೇತುವೆಯ ಹತ್ತಿರ ನಡೆದ ಯುದ್ಧಕ್ಕೆ ಮೊದಲು ಅವನು ಸೈನಿಕರ ಗುರಾಣಿಗಳ ಮೇಲೆ ಕ್ರಿಸ್ತನ ಗುರುತು ಹಾಕಿಸಿದ ಅಂತ ಆ ಕಾಲದ ಬರಹಗಾರ ಲ್ಯಾಕ್ಟಾಂಟಿಯಸ್ ಬರೆದಿದ್ದಾನೆ. ಆಮೇಲೆ ಆ ಗುರುತು ಕೈ ಮತ್ತು ಅದರ ಪಕ್ಕದ ಅಕ್ಷರ ರೋ, ಎರಡನ್ನೂ ಒಂದರ ಮೇಲೊಂದು ಬರೆದ ರೂಪದಲ್ಲಿ ಪ್ರಸಿದ್ಧಿಯಾಯಿತು. ನಾಣ್ಯದ ಮೇಲೆ, ಗೋರಿಯ ಮೇಲೆ, ಚರ್ಚಿನ ಗೋಡೆಯ ಮೇಲೆ ಎಲ್ಲ ಕಡೆ ಬಂತು. ನಮ್ಮಲ್ಲಿ ಕಾಗದದ ನೆತ್ತಿಯ ಮೇಲೆ 'ಶ್ರೀ' ಹಾಕ್ತೀವಲ್ಲ, ಹಾಗೆ.

ಅಲ್ಲಿಂದ ಇಂಗ್ಲೆಂಡಿಗೆ. ಹನ್ನೊಂದನೇ ಶತಮಾನದ ಸನ್ಯಾಸಿಗಳು ಬರೆದಿಟ್ಟ ವರ್ಷಾವಳಿಯಲ್ಲೇ ಕ್ರಿಸ್ತನ ಹೆಸರಿಗೆ ಈ ಗ್ರೀಕ್ ಅಕ್ಷರಗಳ ಸಂಕ್ಷೇಪ ಇದೆ. 1551ರ ಒಂದು ಬರಹದಲ್ಲಿ ಎಕ್ಸ್‌ನಿಂದ ಶುರುವಾಗೋ ಹಬ್ಬದ ಹೆಸರು ಸಿಗುತ್ತೆ ಅಂತ ಇಂಗ್ಲಿಷ್ ನಿಘಂಟು ಹೇಳುತ್ತೆ. ಬರೆದವರು ಯಾರು? ಪಾದ್ರಿಗಳು, ಸನ್ಯಾಸಿಗಳು, ಭಕ್ತರು. ದೇವರನ್ನ ಒರೆಸಿ ಹಾಕೋಕೆ ಹೊರಟವರು ಖಂಡಿತ ಅಲ್ಲ.

ಇದನ್ನ ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. ಪ್ರತಿ ಡಿಸೆಂಬರ್‌ನಲ್ಲೂ ನಿಮ್ಮ ವಾಟ್ಸ್‌ಆ್ಯಪ್‌ಗೆ ಒಂದು ಮೆಸೇಜ್ ಬರುತ್ತೆ. 'ಎಕ್ಸ್‌ಮಸ್ ಅಂತ ಬರೆಯೋದು ಕ್ರಿಸ್ತನ ಹೆಸರನ್ನ ಹಬ್ಬದಿಂದ ತೆಗೆದುಹಾಕೋ ಪಿತೂರಿ, ಎಲ್ಲರಿಗೂ ಫಾರ್ವರ್ಡ್ ಮಾಡಿ.' ಪಿತೂರಿ ಅಂತೆ! ಮೂರನೇ ಶತಮಾನದ ಪಪೈರಸ್ ನಕಲುಗಾರನೂ ಆ ಪಿತೂರಿಯಲ್ಲಿ ಇದ್ದನಾ? ಇಲ್ಲ. ಹುಟ್ಟಿನ ಲೆಕ್ಕದಲ್ಲಿ ನೋಡಿದ್ರೆ ಎಕ್ಸ್ ನಿರಪರಾಧಿ. ಇಲ್ಲಿವರೆಗೆ ನನ್ನ ಉತ್ತರ ಸರಿ.

ಈಗ ಟೀಚರ್ ಪ್ರಶ್ನೆಗೆ ಬರೋಣ. ಎಕ್ಸ್ ನಿರಪರಾಧಿ ಅಂದ್ರೆ ಜನಕ್ಕೆ ಯಾಕೆ ಚುಚ್ಚುತ್ತೆ? ಇದು ಬಡವನಹಳ್ಳಿಯ ಒಬ್ಬ ಟೀಚರ್ ಕಥೆಯಷ್ಟೇ ಅಲ್ಲ. 1977ರ ಡಿಸೆಂಬರ್‌ನಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಗವರ್ನರ್ ಮೆಲ್‌ಡ್ರಿಮ್ ಥಾಮ್ಸನ್ ಪತ್ರಿಕಾ ಪ್ರಕಟಣೆಯನ್ನೇ ಹೊರಡಿಸಿ, ಪತ್ರಕರ್ತರು ಈ ಹಬ್ಬವನ್ನ ಎಕ್ಸ್‌ಮಸ್ ಅನ್ನಬಾರದು, ಹೆಸರಿನಲ್ಲಿ ಕ್ರಿಸ್ತ ಉಳಿಯಲಿ ಅಂತ ಕೇಳಿಕೊಂಡರು. ಅಮೆರಿಕದ ದೊಡ್ಡ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್‌ನ ಭಾಷಾ ಕೈಪಿಡಿಯಲ್ಲೂ ಎಕ್ಸ್‌ಮಸ್ ಬಳಸಬೇಡಿ ಅಂತಿದೆ. ಅದಕ್ಕೂ ಹಿಂದೆ, 1954ರಲ್ಲಿ, ಸಿ.ಎಸ್. ಲೂಯಿಸ್ ಅನ್ನೋ ಲೇಖಕ ಒಂದು ವಿಡಂಬನೆ ಬರೆದರು. ಬ್ರಿಟನ್ ಅನ್ನೋ ಹೆಸರನ್ನೇ ತಿರುಗಿಸಿ ಒಂದು ದ್ವೀಪ ಮಾಡಿದರು. ಆ ದ್ವೀಪದಲ್ಲಿ ಒಂದೇ ದಿನ ಎರಡು ಹಬ್ಬ. ಎಕ್ಸ್‌ಮಸ್ ಅನ್ನೋದು ಅಂಗಡಿ, ಗಡಿಬಿಡಿ, ಸುಸ್ತು. ಕ್ರಿಸ್‌ಮಸ್ ಅನ್ನೋದು ಕೆಲವೇ ಜನ ಮಾಡೋ ದೇವರ ಹಬ್ಬ.

ಲೂಯಿಸ್ ತಮಾಷೆಯಲ್ಲೇ ಮರ್ಮ ಹಿಡಿದಿದ್ದಾರೆ. ಒಂದು ಕಾಲಕ್ಕೆ ಪಾದ್ರಿಯ ಲೇಖನಿಯಲ್ಲಿ ಇದ್ದ ಎಕ್ಸ್ ಆಮೇಲೆ ಅಂಗಡಿಯ ಬೋರ್ಡಿಗೆ ಬಂತು. ಗ್ರೀಕ್ ಓದೋರು ಕಮ್ಮಿಯಾದರು. ಇನ್ನೊಂದು ಕಡೆ ಅದೇ ಆಕಾರದ ಅಕ್ಷರಕ್ಕೆ ಬೇರೆ ಅರ್ಥ ಅಂಟಿಕೊಂಡಿತು. 1637ರಲ್ಲಿ ಡೆಕಾರ್ಟ್ ತನ್ನ ರೇಖಾಗಣಿತದ ಪುಸ್ತಕದಲ್ಲಿ ಗೊತ್ತಿಲ್ಲದ ಪರಿಮಾಣಗಳಿಗೆ ವರ್ಣಮಾಲೆಯ ಕೊನೆಯ ಅಕ್ಷರಗಳನ್ನ ಬಳಸಿದ. 1895ರಲ್ಲಿ ರಾಂಟ್‌ಜೆನ್ ತಾನು ಕಂಡುಹಿಡಿದ ಕಿರಣ ಏನು ಅಂತ ತನಗೇ ಗೊತ್ತಿಲ್ಲದ್ದಕ್ಕೆ ಅದನ್ನ ಎಕ್ಸ್-ರೇ ಅಂದ. ಅಲ್ಲಿಂದ ನಮ್ಮ ಸ್ಲೇಟಿಗೆ, ನಮ್ಮ ಉತ್ತರಪತ್ರಿಕೆಗೆ. ಮಧುಗಿರಿಯ ಎಂಟನೇ ಕ್ಲಾಸ್ ಹುಡುಗನಿಗೆ ಎಕ್ಸ್ ಅಂದ್ರೆ ಏನು? ಕಂಡುಹಿಡಿಯಬೇಕಾದದ್ದು. ಇಲ್ಲಾಂದ್ರೆ ತಪ್ಪು. ಅವನ ತಲೆಯಲ್ಲಿ ಮೂರನೇ ಅರ್ಥಕ್ಕೆ ಜಾಗವೇ ಇಲ್ಲ. ಪದದ ಜಾತಕ ಎಷ್ಟೇ ಚೆನ್ನಾಗಿರಲಿ, ಕೇಳಿಸಿಕೊಳ್ಳೋನ ಕಿವಿಗೆ ಬೀಳೋದು ಇವತ್ತಿನ ಅರ್ಥ.

ಇದಕ್ಕಿಂತ ಆಳದ ಕಾರಣ ಒಂದು ನಮ್ಮ ಕನ್ನಡದಲ್ಲೇ ಇದೆ. ಅದನ್ನ ಯೋಚಿಸಿದಾಗಲೇ ನನಗೆ ಟೀಚರ್ ಮಾತು ಪೂರ್ತಿ ಅರ್ಥವಾಗಿದ್ದು.

ನೋಡಿ, ಕನ್ನಡದಲ್ಲಿ ನಾವು ಗೌರವ ಕೊಡೋದು ಹೇಗೆ? ಉದ್ದ ಮಾಡಿ. 'ಬಂದ' ಅನ್ನೋದು ಗೆಳೆಯನಿಗೆ, 'ಬಂದರು' ಅನ್ನೋದು ಮೇಷ್ಟ್ರಿಗೆ. ಒಂದು ಅಕ್ಷರ ಸೇರಿದ ಕೂಡಲೇ ಮರ್ಯಾದೆ ಸೇರಿತು. 'ಸಿದ್ಧ' ಸಿದ್ದಪ್ಪ ಆಗ್ತಾನೆ, 'ರಂಗ' ರಂಗಯ್ಯ ಆಗ್ತಾನೆ. ಸ್ವಾಮೀಜಿಯವರ ಹೆಸರಿಗೆ ಮೊದಲು ಮೂರು ಸಲ ಶ್ರೀ ಹಾಕದಿದ್ರೆ ಇನ್ವಿಟೇಶನ್ ಕಾರ್ಡ್ ವಾಪಸ್ ಬರುತ್ತೆ! ಕನ್ನಡ ಕ್ರೈಸ್ತರ ಮನೆಗಳಲ್ಲೂ ಯೇಸು ಬರೀ ಯೇಸು ಅಲ್ಲ, ಯೇಸುಸ್ವಾಮಿ. ಹಬ್ಬವನ್ನ ಎಷ್ಟೋ ಜನ ಕ್ರಿಸ್ತ ಜಯಂತಿ ಅಂತಾರೆ. ಮಂಗಳೂರಿನ ಕೊಂಕಣಿ ಕ್ಯಾಥೊಲಿಕರು ನತಾಲಾಂ ಅಂತಾರೆ, ಅದಕ್ಕೂ ಅರ್ಥ ಜನನವೇ.

ಹಾಗಾದ್ರೆ ನಾವು ಸಂಕ್ಷೇಪ ಮಾಡೋದೇ ಇಲ್ವಾ? ಮಾಡ್ತೀವಿ, ಯಥೇಚ್ಛವಾಗಿ ಮಾಡ್ತೀವಿ. ನಮ್ಮ ಶಾಸನಗಳನ್ನೇ ತಗೊಳ್ಳಿ. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡನೇ ಸಂಪುಟದಲ್ಲಿ ತುಮಕೂರು ಜಿಲ್ಲೆಯ ಶಾಸನಗಳನ್ನ 1904ರಲ್ಲಿ ಪ್ರಕಟಿಸಿದರು. ಮಧುಗಿರಿ, ಶಿರಾ, ಪಾವಗಡ, ಎಲ್ಲ ಕಡೆಯ ಕಲ್ಲುಗಳೂ ಅದರಲ್ಲಿವೆ. ಕನ್ನಡ ಶಾಸನಗಳಲ್ಲಿ ಗದ್ಯಾಣ ಅನ್ನೋ ನಾಣ್ಯಕ್ಕೆ ಬರೀ 'ಗ' ಅಂತ ಕೆತ್ತೋದು ರೂಢಿ. ತಿಥಿ ಹೇಳೋವಾಗ ಶುಕ್ಲಪಕ್ಷಕ್ಕೆ 'ಶು', ಬಹುಳಕ್ಕೆ 'ಬ'. ಇವತ್ತಿಗೂ ಮದುವೆ ಕರೆಯೋಲೆಯಲ್ಲಿ ಹಾಗೇ ಇದೆ. ಕಲ್ಲಿನ ಮೇಲೆ ಉಳಿಯಲ್ಲಿ ಕೆತ್ತೋದು ಸುಲಭದ ಕೆಲಸ ಅಲ್ಲ, ಒಂದೊಂದು ಅಕ್ಷರಕ್ಕೂ ಬೆವರು ಬೇಕು. ಹಾಗಾಗಿ ದುಡ್ಡು, ತಿಥಿ, ಲೆಕ್ಕ ಇವೆಲ್ಲ ಮೊಟಕಾದವು. ದೇವರ ಹೆಸರು, ದೊರೆಯ ಹೆಸರು ಬಂದಾಗ ಮಾತ್ರ ಕೆತ್ತೋ ಕೈ ಧಾರಾಳವಾಯಿತು. ಬಿರುದಿನ ಮೇಲೆ ಬಿರುದು, ಶ್ರೀ ಮೇಲೆ ಶ್ರೀ.

ಗ್ರೀಕ್ ನಕಲುಗಾರ ಗೌರವಕ್ಕಾಗಿ ಹೆಸರನ್ನ ಚಿಕ್ಕದು ಮಾಡಿದ. ನಮ್ಮ ಶಾಸನದ ಕಲ್ಲುಕುಟಿಗ ಗೌರವಕ್ಕಾಗಿ ಹೆಸರನ್ನ ದೊಡ್ಡದು ಮಾಡಿದ. ಎರಡೂ ಭಕ್ತಿಯೇ. ಆದ್ರೆ ಕನ್ನಡದ ಕಿವಿ ಬೆಳೆದದ್ದು ಎರಡನೇ ರೀತಿಯಲ್ಲಿ. ಪೂಜ್ಯವಾದ ಹೆಸರು ಮೊಟಕಾದರೆ ಇಲ್ಲಿ ಮನಸ್ಸಿಗೆ ಕಸಿವಿಸಿ ಆಗುತ್ತೆ. ಶಿವರಾತ್ರಿಯನ್ನ 'ಶಿ. ರಾತ್ರಿ' ಅಂತ ನಮ್ಮ ಟಿಕ್ಕರ್‌ನಲ್ಲಿ ಹಾಕಿದ್ರೆ? ರಾಮನವಮಿಯನ್ನ 'ರಾ. ನವಮಿ' ಅಂತ? ಆವತ್ತು ನಮ್ಮ ಆಫೀಸಿನ ಫೋನ್ ಲೈನ್ ಏನಾಗುತ್ತೆ ಅಂತ ಊಹಿಸಿಕೊಳ್ಳಿ. ಒಂದು ಫೋನ್ ಬರಲ್ಲ, ಸಾವಿರ ಬರುತ್ತೆ.

ಇದಕ್ಕೆ ನೀವು ಎರಡು ಆಕ್ಷೇಪ ಎತ್ತಬಹುದು. ಒಂದು, ಬಿ.ಎಂ.ಶ್ರೀ., ತೀ.ನಂ.ಶ್ರೀ. ಇವೆಲ್ಲ ಏನು? ಇಬ್ಬರೂ ನಮ್ಮ ತುಮಕೂರು ಜಿಲ್ಲೆಯಲ್ಲಿ ಹುಟ್ಟಿದವರು, ಒಬ್ಬರು ಸಂಪಿಗೆಯಲ್ಲಿ, ಇನ್ನೊಬ್ಬರು ತೀರ್ಥಪುರದಲ್ಲಿ. ಶ್ರೀಕಂಠಯ್ಯ ಅನ್ನೋ ಹೆಸರು ಮೊಟಕಾಗಿ 'ಶ್ರೀ' ಆಯ್ತು, ಯಾರಿಗೂ ಬೇಜಾರಾಗಲಿಲ್ಲ. ಯಾಕೆ? ಏಕೆಂದರೆ ಅದು ಅವರೇ ಒಪ್ಪಿಕೊಂಡ, ಓದುಗರು ಪ್ರೀತಿಯಿಂದ ಕರೆದ ಹೆಸರು. ಮೊಟಕಾದ ಮೇಲೂ ಉಳಿದ ಅಕ್ಷರ ಯಾವುದು ನೋಡಿ, 'ಶ್ರೀ'. ಮರ್ಯಾದೆ ಎಲ್ಲೂ ಹೋಗಲಿಲ್ಲ.

ಎರಡನೇ ಆಕ್ಷೇಪ ಇನ್ನೂ ಗಟ್ಟಿ. ಕನ್ನಡದಲ್ಲಿ ಕ್ರಿಸ್ತನ ಹೆಸರನ್ನ ನಾವು ದಿನಾ ಮೊಟಕು ಮಾಡ್ತಾ ಇದ್ದೀವಿ. ಎಲ್ಲಿ? 'ಕ್ರಿ.ಶ.', 'ಕ್ರಿ.ಪೂ.' ನಮ್ಮ ಯಾವ ಇತಿಹಾಸದ ಪಾಠವೂ ಈ ಎರಡಿಲ್ಲದೆ ಮುಂದೆ ಹೋಗಿಲ್ಲ. ಈಚೆಗೆ ಕೆಲವರು ಸಾಮಾನ್ಯ ಶಕ ಅಂತ 'ಸಾ.ಶ.' ಬರೀತಾರೆ, ಅದು ಬೇರೆ ಚರ್ಚೆ. ಕ್ರಿ.ಶ. ನೋಡಿ ನೊಂದುಕೊಂಡ ಕ್ರೈಸ್ತರನ್ನ ನಾನಂತೂ ಕಂಡಿಲ್ಲ. ಟೀಚರ್ ಕೂಡ ಬೋರ್ಡಿನ ಮೇಲೆ ಎಷ್ಟು ಸಲ ಬರೆದಿರಬೇಕು! ಯಾಕೆ ನೋವಾಗಲ್ಲ? ಶಾಸನದ 'ಶು', 'ಬ' ಇದ್ದ ಹಾಗೆ ಅದು ಕಾಲದ ಲೆಕ್ಕ. ಜೊತೆಗೆ 'ಕ್ರಿ' ಅನ್ನೋದು ಕ್ರಿಸ್ತನ ಹೆಸರಿನ ಅಕ್ಷರವೇ, ಓದಿದ ಕೂಡಲೇ ಗೊತ್ತಾಗುತ್ತೆ. ಯಾವ ಗ್ರೀಕ್ ಪಂಡಿತರನ್ನೂ ಕೇಳಬೇಕಿಲ್ಲ.

ಈ ಪ್ರಶ್ನೆ ಕ್ರೈಸ್ತರದ್ದಷ್ಟೇ ಅಲ್ಲ. ಮುಸ್ಲಿಮರಲ್ಲೂ ಇದೆ. ಲಾರಿಯ ಮೇಲೆ, ಅಂಗಡಿಯ ಗೋಡೆಯ ಮೇಲೆ 786 ಅನ್ನೋ ಸಂಖ್ಯೆ ನೋಡಿರ್ತೀರಿ. 'ಬಿಸ್ಮಿಲ್ಲಾ' ವಾಕ್ಯದ ಅರಬ್ಬಿ ಅಕ್ಷರಗಳ ಬೆಲೆ ಕೂಡಿದಾಗ ಬರೋ ಮೊತ್ತ ಅದು. ಪವಿತ್ರ ವಾಕ್ಯ ಬರೆದ ಕಾಗದ ಕಾಲ ಕೆಳಗೆ ಬೀಳಬಾರದು ಅಂತ ಸಂಖ್ಯೆ ಬರೆಯೋದು ಒಳ್ಳೇದು ಅನ್ನೋರು ಇದ್ದಾರೆ, ವಾಕ್ಯವನ್ನ ಸಂಖ್ಯೆ ಮಾಡೋದೇ ಸರಿಯಲ್ಲ ಅನ್ನೋರೂ ಇದ್ದಾರೆ. ಕನ್ನಡದ ಇಸ್ಲಾಮಿ ಪುಸ್ತಕಗಳಲ್ಲಿ ಪ್ರವಾದಿಯವರ ಹೆಸರಿನ ಪಕ್ಕ 'ಸ' ಅಂತ ಒಂದಕ್ಷರ ಇರುತ್ತೆ, ಅದು ಆಶೀರ್ವಾದದ ಇಡೀ ವಾಕ್ಯಕ್ಕೆ ಸಂಕ್ಷೇಪ. ಭಕ್ತರೇ ತಮ್ಮೊಳಗೆ ಇದನ್ನ ಚರ್ಚೆ ಮಾಡ್ತಾರೆ. ಮೊಟಕು ಮಾಡಬಹುದಾ ಬೇಡವಾ ಅಂತ ತೀರ್ಮಾನ ಮಾಡೋ ಹಕ್ಕು ಮೊದಲು ಅವರದ್ದು. ನ್ಯೂಸ್ ಡೆಸ್ಕಿನಲ್ಲಿ ಕೂತ ನನ್ನದಲ್ಲ.

ಇನ್ನು ಕೊನೆಯ ವಿಷಯ. ಇದು ಅಪ್ಪಟ ಎಂಜಿನಿಯರಿಂಗ್ ಪ್ರಶ್ನೆ. ಎಕ್ಸ್‌ಮಸ್ ಬರೆದು ನಾವು ಉಳಿಸಿದ್ದೇನು?

ಇಂಗ್ಲಿಷಿನಲ್ಲಿ ಕ್ರಿಸ್‌ಮಸ್‌ಗೆ 9 ಅಕ್ಷರ, ಎಕ್ಸ್‌ಮಸ್‌ಗೆ 4. ಅರ್ಧಕ್ಕಿಂತ ಹೆಚ್ಚು ಉಳಿತಾಯ. ಶೀರ್ಷಿಕೆಗೆ ಜಾಗ ಇಲ್ಲದೆ ಒದ್ದಾಡೋ ಪತ್ರಿಕೆಯವರಿಗೆ ಇದು ದೊಡ್ಡ ವರ. ಈಗ ಕನ್ನಡಕ್ಕೆ ಬನ್ನಿ, ಬೆರಳು ಮಡಚಿ ಎಣಿಸಿ. ಕ್ರಿ, ಸ್, ಮ, ಸ್. ನಾಲ್ಕು. ಎ, ಕ್ಸ್, ಮ, ಸ್. ಅದೂ ನಾಲ್ಕು! ಕಂಪ್ಯೂಟರಿನ ಒಳಗೆ ಹೋಗಿ ಯೂನಿಕೋಡ್ ಲೆಕ್ಕ ಹಾಕಿದ್ರೂ ಒಂದು 10, ಇನ್ನೊಂದು 9. ಸ್ವರಚಿಹ್ನೆ ಒಂದು ಕಮ್ಮಿ, ಅಷ್ಟೇ. ಸ್ಕ್ರೀನಿನ ಮೇಲೆ ಕೂದಲೆಳೆಯಷ್ಟೂ ಜಾಗ ಉಳಿಯಲ್ಲ.

ಅಂದ್ರೆ ಕನ್ನಡದಲ್ಲಿ ಎಕ್ಸ್‌ಮಸ್ ಅನ್ನೋದು ಸಂಕ್ಷೇಪವೇ ಅಲ್ಲ. ಗ್ರೀಕ್ ಅಕ್ಷರವನ್ನ ಇಂಗ್ಲಿಷಿನವರು ತಮ್ಮ ಅಕ್ಷರ ಅಂತ ಓದಿದರು. ಆ ತಪ್ಪು ಓದನ್ನ ನಾವು ಕನ್ನಡದಲ್ಲಿ ಉಚ್ಚಾರಣೆ ಸಮೇತ ಇಳಿಸಿಕೊಂಡೆವು. ಇಂಗ್ಲಿಷಿನ ಎಕ್ಸ್ ಆಕಾರದಲ್ಲಾದರೂ ಕೈ ಅಕ್ಷರ ಉಳಿದುಕೊಂಡಿದೆ. ನಮ್ಮ 'ಎಕ್ಸ್‌'ನಲ್ಲಿ ಆಕಾರವೂ ಇಲ್ಲ, ಸದ್ದೂ ಇಲ್ಲ. ಕ್ರಿಸ್ತನ ಹೆಸರು ಅಲ್ಲಿಂದ ನಿಜಕ್ಕೂ ಹೊರಟುಹೋಗಿದೆ. ಟೀಚರ್‌ಗೆ ನಾನು ಮಾಡಿದ ಗ್ರೀಕ್ ಪಾಠ ಇಂಗ್ಲಿಷಿಗೆ ಸರಿ, ನಮ್ಮ ಟಿಕ್ಕರ್‌ಗೆ ಸರಿ ಇರಲಿಲ್ಲ.

ಇದು ಯಾಕೆ ಹೆಚ್ಚು ಬೇಸರ ಅಂದ್ರೆ, ಈ ಹೆಸರನ್ನ ಕನ್ನಡ ಅಕ್ಷರಕ್ಕೆ ತರೋಕೆ ಹಿಂದಿನವರು ಪಟ್ಟ ಕಷ್ಟ ಸಣ್ಣದಲ್ಲ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ವರ್ಷಾನುವರ್ಷ ಕೂತು ಬೈಬಲನ್ನ ಕನ್ನಡಕ್ಕೆ ತಂದರು, ಪೂರ್ತಿ ಬೈಬಲ್ 1831ಕ್ಕೆ ಅಚ್ಚಾಯಿತು. ನಮ್ಮ ಜಿಲ್ಲೆಯ ಗುಬ್ಬಿಯಲ್ಲೇ 1837ರಲ್ಲಿ ಥಾಮಸ್ ಹಾಡ್ಸನ್ ವೆಸ್ಲಿಯನ್ ಮಿಶನ್ ಶುರು ಮಾಡಿದರು. ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರಡಿಸಿದ್ದು ಮೋಗ್ಲಿಂಗ್ ಅನ್ನೋ ಪಾದ್ರಿ. 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಕಿಟೆಲ್, ಅದಕ್ಕೆ ಎಷ್ಟೋ ಮೊದಲೇ, 1862ರಲ್ಲಿ ಕ್ರಿಸ್ತನ ಕಥೆಯನ್ನ ನಮ್ಮದೇ ಛಂದಸ್ಸಿನಲ್ಲಿ 'ಕಥಾಮಾಲೆ' ಅಂತ ಬರೆದಿದ್ದರು. ಅವರ ಮತಪ್ರಚಾರದ ಬಗ್ಗೆ ನಿಮಗೆ ಬೇರೆ ಅಭಿಪ್ರಾಯ ಇರಬಹುದು, ಇರಲಿ. ಜರ್ಮನಿಯಿಂದ, ಇಂಗ್ಲೆಂಡಿನಿಂದ ಬಂದವರು ಈ ಹೆಸರಿಗೆ ಕನ್ನಡದಲ್ಲಿ 'ಕ್ರಿ' ಅನ್ನೋ ಅಕ್ಷರ ಇದೆ ಅಂತ ಕಂಡುಕೊಂಡರು. ಇಲ್ಲೇ ಹುಟ್ಟಿ, ಇಲ್ಲೇ ಕನ್ನಡ ಕಲಿತ ನಾವು ಅದನ್ನ ಬಿಟ್ಟು 'ಎಕ್ಸ್' ತಂದೆವು.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ಶೇಕಡಾ 1.87. ಸಂಖ್ಯೆ ಸಣ್ಣದು. ಅವರಲ್ಲಿ ಎಲ್ಲರಿಗೂ ಎಕ್ಸ್‌ಮಸ್ ಅಂದ್ರೆ ಬೇಜಾರು ಅಂತಲೂ ಅಲ್ಲ. ಬೆಂಗಳೂರಿನ ನನ್ನ ಕ್ರೈಸ್ತ ಗೆಳೆಯರೇ ಮೊಬೈಲ್‌ನಲ್ಲಿ ಅದನ್ನೇ ಟೈಪ್ ಮಾಡಿ ಶುಭಾಶಯ ಕಳಿಸ್ತಾರೆ. ಮನೆಯವರು ತಮ್ಮ ಮಗುವನ್ನ ಏನಂತ ಬೇಕಾದ್ರೂ ಕರೀಬಹುದು. ಪಕ್ಕದ ಮನೆಯವರು ಕರೆಯೋವಾಗ ಸ್ವಲ್ಪ ಯೋಚನೆ ಮಾಡ್ತಾರೆ. ನ್ಯೂಸ್ ಚಾನೆಲ್ ಅಂದ್ರೆ ಪಕ್ಕದ ಮನೆ.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಟೀಚರ್ ಮಾಡಿದ್ದು ಒಂದು ಫೋನ್, ಕೇಳಿದ್ದು ಒಂದು ಪ್ರಶ್ನೆ. ಪಿತೂರಿ ಅನ್ನೋ ಪದ ಅವರ ಬಾಯಲ್ಲಿ ಬರಲಿಲ್ಲ. ಅದೇ ಪ್ರಶ್ನೆ ಒಂದು ಫಾರ್ವರ್ಡ್ ಮೆಸೇಜ್ ಆಗಿದ್ರೆ, ಸಂಜೆ ನಮ್ಮಂಥ ಚಾನೆಲ್‌ಗಳಲ್ಲೇ ನಾಲ್ಕು ಕಿಟಕಿ ಹಾಕಿ ನಾಲ್ಕು ಜನ ಕಿರುಚಾಡ್ತಿದ್ದೆವು. ಬೋರ್ಡ್ ಬರೆದ ಬೇಕರಿಯವನ ಅಂಗಡಿ ಮುಂದೆ ಯಾರಾದ್ರೂ ಹೋಗಿ ನಿಲ್ಲುತ್ತಿದ್ದರು. ಪಾಪ, ಅವನಿಗೆ ಗ್ರೀಕೂ ಗೊತ್ತಿಲ್ಲ, ಪಿತೂರಿಯೂ ಗೊತ್ತಿಲ್ಲ. ಬೋರ್ಡ್ ಪೇಂಟರ್ ಬರೆದುಕೊಟ್ಟದ್ದನ್ನ ನೇತುಹಾಕಿದ್ದಾನೆ. ಅವನ ಮೇಲೆ ಎಗರೋಕೆ ನನ್ನ ಈ ಮಾತನ್ನ ಯಾರೂ ಬಳಸಬೇಡಿ. ಎಕ್ಸ್ ಬರೆದವರೆಲ್ಲ ಅವಮಾನ ಮಾಡಿದರು ಅನ್ನೋದು ಸುಳ್ಳು. ಅದನ್ನ ನೋಡಿ ಬೇಜಾರಾದವರಿಗೆ ಇತಿಹಾಸ ಗೊತ್ತಿಲ್ಲ ಅಂತ ನಗೋದು ಒರಟುತನ. ಆವತ್ತು ಆ ಒರಟುತನ ಮಾಡಿದವನು ನಾನೇ.

ಮಾರನೇ ದಿನ ಡೆಸ್ಕ್‌ನಲ್ಲಿ ಮಾತಾಡಿದೆವು. ನಮ್ಮ ಟಿಕ್ಕರ್‌ನಲ್ಲಿ ಇನ್ನು ಮುಂದೆ 'ಕ್ರಿಸ್‌ಮಸ್' ಅಂತ ಬರೆಯೋದು ಅಂತ ತೀರ್ಮಾನವಾಯಿತು. ಎಲ್ಲ ಧರ್ಮದ ಹಬ್ಬಗಳಿಗೂ ಅದೇ ನಿಯಮ, ಹೆಸರು ಪೂರ್ತಿ. ಜಾಗ ಸಾಲದಿದ್ರೆ ಬೇರೆ ಪದ ಕತ್ತರಿಸಿ. 'ಭರ್ಜರಿ', 'ಮೆಗಾ', 'ಶಾಕಿಂಗ್' ಇವನ್ನೆಲ್ಲ ತೆಗೆದ್ರೆ ನಮಗೆ ಬೇಕಾದಷ್ಟು ಜಾಗ ಸಿಗುತ್ತೆ, ವೀಕ್ಷಕರೇ!

ಆಮೇಲೆ ಟೀಚರ್‌ಗೆ ನಾನೇ ಫೋನ್ ಮಾಡಿದೆ. ಅಕ್ಷರ ಎಣಿಸಿದ ಲೆಕ್ಕ ಹೇಳಿದೆ. ನಾಲ್ಕಕ್ಕೆ ನಾಲ್ಕು ಅಂದಾಗ ಜೋರಾಗಿ ನಕ್ಕರು. "ಅದನ್ನ ನಿನ್ನೆನೇ ಎಣಿಸಿದ್ದಿದ್ರೆ ನಿನಗೆ ಗ್ರೀಸ್‌ವರೆಗೂ ಹೋಗೋ ಖರ್ಚು ಉಳೀತಿತ್ತಲ್ಲಪ್ಪ" ಅಂದರು. ಹಬ್ಬಕ್ಕೆ ಬಾ, ರೋಸ್ ಕುಕ್ಕೀಸ್ ಮಾಡ್ತೀನಿ ಅಂತ ಕರೆದರು. ಬುಲೆಟಿನ್ ಇದ್ದದ್ದರಿಂದ ಹೋಗೋಕಾಗಲಿಲ್ಲ.

ಡಿಸೆಂಬರ್ 25ರ ಬೆಳಿಗ್ಗೆ ಸ್ಟುಡಿಯೋದಲ್ಲಿ ಕೂತು ಕೆಳಗೆ ಓಡೋ ಸಾಲು ನೋಡ್ತಿದ್ದೆ. 'ನಾಡಿನಾದ್ಯಂತ ಕ್ರಿಸ್‌ಮಸ್ ಸಂಭ್ರಮ' ಅಂತ ಬಂತು, ಹೋಯಿತು. ಪೂರ್ತಿ ಹಿಡಿಸಿತು. ಅವತ್ತು ಬಡವನಹಳ್ಳಿಯಿಂದ ಫೋನ್ ಬರಲಿಲ್ಲ.